ಕೆಂಪು ಸಾಲಿನ ಮನೆಯವರು

ಲೆಕ್ಕ ಬರೆಯುವವರು ನಮ್ಮಲ್ಲಿ ಕಡಿಮೆಯಾಗಿಲ್ಲ, ಲೆಕ್ಕ ಓದುವವರು ಕಡಿಮೆಯಾಗಿದ್ದಾರೆ. ಹಿಂದೆ ಕಿರಾಣಿ ಅಂಗಡಿಯ ಖಾತೆ ಪುಸ್ತಕ ತೆಗೆದರೆ ಮೊದಲ ಪುಟದಿಂದ ಕೊನೆಯವರೆಗೆ ಒಂದೇ ನೀಲಿ ಶಾಯಿ. ಯಾರ ಬಾಕಿ ಎಷ್ಟು ಎಂದು ತಿಳಿಯಬೇಕಾದರೆ ಬೆರಳಿಟ್ಟು ಸಾಲು ಸಾಲು ಓದಲೇಬೇಕಿತ್ತು. ಈಗ ಯಾವ ಕಚೇರಿಗಾದರೂ ಹೋಗಿ ಕಂಪ್ಯೂಟರ್ ಮುಂದೆ ನಿಲ್ಲಿ. ಶೀಟು ತೆರೆದ ಕೂಡಲೇ ಕೆಂಪು, ಹಳದಿ, ಹಸಿರು, ನಡುನಡುವೆ ಯಾರೋ ಅಕ್ಕರೆಯಿಂದ ಹಚ್ಚಿದ ಗುಲಾಬಿ. ಸಾಹೇಬರು ಅಂಕಿ ಕೇಳುವುದಿಲ್ಲ. ‘ಕೆಂಪು ಎಷ್ಟಿದೆ?’ ಎಂದು ಕೇಳುತ್ತಾರೆ. ಗುಮಾಸ್ತರೂ ಅಂಕಿ ಹೇಳುವುದಿಲ್ಲ. ‘ಹೋದ ವಾರಕ್ಕಿಂತ ಕಡಿಮೆ ಇದೆ ಸಾರ್’ ಎನ್ನುತ್ತಾರೆ. ಇಬ್ಬರಿಗೂ ಸಮಾಧಾನ, ಕಾಫಿ ಬರುತ್ತದೆ.

ಈ ಕೆಂಪಿನ ವಿಷಯವೇ ವಿಚಿತ್ರ ನೋಡಿ. ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಎಂದರೆ ರಜೆ. ಹೊಸ ಕ್ಯಾಲೆಂಡರ್ ಕೈಗೆ ಬಂದ ತಕ್ಷಣ ನಾವೆಲ್ಲ ಮಾಡುವ ಮೊದಲ ಕೆಲಸ ಕೆಂಪು ತಾರೀಕು ಎಣಿಸುವುದು, ಭಾನುವಾರವೇ ಬಂದು ದಂಡವಾದ ಹಬ್ಬಗಳಿಗೆ ಮರುಗುವುದು. ಶಾಲೆಯ ಹಾಜರಿ ಪುಸ್ತಕದಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಭಾ ನು ವಾ ರ’ ಎಂದು ಒಂದೊಂದೇ ಅಕ್ಷರವನ್ನು ಮೇಲಿಂದ ಕೆಳಕ್ಕೆ ಇಳಿಸುತ್ತಿದ್ದರೆ ಕಣ್ಣಿಗೆ ಹಬ್ಬ. ಆದರೆ ಅದೇ ಮೇಷ್ಟ್ರು ಅದೇ ಪೆನ್ನಿನಲ್ಲಿ ಮಾರ್ಕ್ಸ್ ಕಾರ್ಡಿನ 35ಕ್ಕಿಂತ ಕಡಿಮೆಯ ಅಂಕದ ಕೆಳಗೆ ಗೆರೆ ಎಳೆದರೆ ಅವತ್ತು ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಚೀನಾದ ಷೇರುಪೇಟೆಯಲ್ಲಿ ಏರಿದ ಷೇರು ಕೆಂಪು, ಇಳಿದದ್ದು ಹಸಿರು. ನಮ್ಮ ಮುಂಬೈಯಲ್ಲಿ ಅದರ ಉಲ್ಟಾ. ಅಂದಮೇಲೆ ಕೆಂಪಿಗೆ ಸ್ವಂತ ಅಭಿಪ್ರಾಯ ಅಂತ ಏನೂ ಇಲ್ಲ. ಇರುವುದೆಲ್ಲ ಹಚ್ಚಿದವರದ್ದು. ಈ ಮಾತು ಸ್ವಲ್ಪ ಜೇಬಿನಲ್ಲಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಹಚ್ಚುವ ಕೆಲಸವನ್ನು ಮನುಷ್ಯರ ಕೈಯಿಂದ ಕಿತ್ತು ಯಂತ್ರಕ್ಕೆ ಒಪ್ಪಿಸಿದ ವಿದ್ಯೆಯ ಹೆಸರು ಕಂಡೀಷನಲ್ ಫಾರ್ಮ್ಯಾಟಿಂಗ್. ಹೆಸರು ಕೇಳಿ ಗಾಬರಿಯಾಗಬೇಡಿ. ಷರತ್ತು ಒಂದು, ಬಣ್ಣ ಒಂದು, ಅಷ್ಟೇ. ಹೀಗಿದ್ದರೆ ಹೀಗೆ ಬಣ್ಣ ಹಚ್ಚು ಎಂದು ಒಂದು ಸಲ ಹೇಳಿಟ್ಟರೆ ಆಯಿತು. ಅಂಕಿ ಬದಲಾದಂತೆ ಬಣ್ಣ ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಎಕ್ಸೆಲ್ಲಿನಲ್ಲಿ ಹೋಮ್ ಟ್ಯಾಬಿನ ಮೇಲೆಯೇ ಇದೆ. ಇಂಥದ್ದಕ್ಕಿಂತ ಹೆಚ್ಚು, ಇಂಥದ್ದಕ್ಕಿಂತ ಕಡಿಮೆ, ಇವೆರಡರ ನಡುವೆ, ಇಂಥ ಪದ ಇದ್ದರೆ, ತಾರೀಕು ಹೋದ ವಾರದ್ದಾದರೆ, ಎರಡೆರಡು ಸಲ ಬಂದಿದ್ದರೆ – ಹೀಗೆ ಸಿದ್ಧ ಷರತ್ತುಗಳ ಪಟ್ಟಿ ಇದೆ. ತಿಳಿಗೆಂಪು ಹಿನ್ನೆಲೆಗೆ ಕಡುಗೆಂಪು ಅಕ್ಷರ, ತಿಳಿಹಳದಿಗೆ ಕಡುಹಳದಿ, ತಿಳಿಹಸಿರಿಗೆ ಕಡುಹಸಿರು ಎಂದು ಬಣ್ಣದ ಜೋಡಿಗಳೂ ಸಿದ್ಧವಾಗಿವೆ. ಸೀರೆಯಂಗಡಿಯಲ್ಲಾದರೆ ಈ ಮೂರು ಜೋಡಿ ಸಾಲದು, ಒಳಗಿಂದ ಇನ್ನೂ ತನ್ನಿ ಅನ್ನುತ್ತಿದ್ದರು. ಕಚೇರಿಗಳಲ್ಲಿ ಮಾತ್ರ ಇಷ್ಟರಲ್ಲೇ ವರ್ಷಗಟ್ಟಲೆ ಸಂಸಾರ ನಡೆದಿದೆ.

ಇದು ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ಪುಸ್ತಕ ಓದಿ ಕಲಿಯಬೇಕಿಲ್ಲ. ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಶೀಟು ನೋಡಿದರೆ ಸಾಕು. ನಮ್ಮದನ್ನೇ ತೆಗೆದುಕೊಳ್ಳಿ. ನಮ್ಮ ಸಂಘದ ಖಜಾಂಚಿಗಳು ಬ್ಯಾಂಕಿನಿಂದ ನಿವೃತ್ತರಾದವರು. ನಿವೃತ್ತಿಯಾದದ್ದು ಬ್ಯಾಂಕಿನಿಂದ ಮಾತ್ರ, ಬಾಕಿ ವಸೂಲಿಯಿಂದಲ್ಲ. ಪ್ರತಿ ತಿಂಗಳು ಹತ್ತನೇ ತಾರೀಕು ದಾಟಿದರೆ ಶೀಟಿನ ಚಿತ್ರ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದರು. ಬಾಕಿ ಇರುವ ಮನೆಯ ಸಾಲು ಪೂರ್ತಿ ಕೆಂಪು. ಹೆಸರು, ಮನೆ ನಂಬರು, ಮೊತ್ತ ಎಲ್ಲವೂ ಕೆಂಪಿನೊಳಗೆ. ಗ್ರೂಪಿನಲ್ಲಿ ‘ಗುಡ್ ಮಾರ್ನಿಂಗ್’ ಹೂವುಗಳ ನಡುವೆ ಈ ಚಿತ್ರ ಬಂದು ಬಿದ್ದರೆ ಒಂದು ಗಂಟೆ ಯಾರೂ ಹೂವು ಕಳಿಸುವುದಿಲ್ಲ.

ಮೊದಲ ತಿಂಗಳು ಆದ ಕಥೆ ಕೇಳಿ. ಸಾಲು ಪೂರ್ತಿ ಕೆಂಪಾಗಬೇಕಾದರೆ ಸಿದ್ಧ ಷರತ್ತು ಸಾಲದು, ಸೂತ್ರ ಬರೆಯಬೇಕು. ಇ ಕಾಲಮ್ಮಿನಲ್ಲಿರುವ ಕಡೇ ದಿನಾಂಕ ಇವತ್ತಿಗಿಂತ ಹಿಂದಿನದಾದರೆ ಕೆಂಪು, ಇದು ಸೂತ್ರ. ಹಣ ಬಂದ ಮನೆಯ ಕಡೇ ದಿನಾಂಕ ಮುಂದಿನ ತಿಂಗಳಿಗೆ ಸರಿಯುತ್ತದೆ. ಇಲ್ಲಿ ಡಾಲರ್ ಚಿಹ್ನೆಯದೊಂದು ಕಿತಾಪತಿ ಇದೆ. ಇ ಅಕ್ಷರದ ಹಿಂದೆ ಡಾಲರ್ ಹಾಕಿದರೆ ಸಾಲಿನ ಯಾವ ಸೆಲ್ಲೂ ಇ ಕಾಲಂ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸುವುದಿಲ್ಲ. ಹಾಕದಿದ್ದರೆ ಬಲಗಡೆಗೆ ಒಂದು ಸೆಲ್ ಸರಿದಾಗ ಷರತ್ತೂ ಒಂದು ಕಾಲಂ ಸರಿದು, ದಿನಾಂಕದ ಬದಲು ಫೋನ್ ನಂಬರನ್ನು ಇವತ್ತಿನ ತಾರೀಕಿನ ಜೊತೆ ಹೋಲಿಸುತ್ತಾ ಕೂರುತ್ತದೆ. ಖಜಾಂಚಿಗಳು ಬ್ಯಾಂಕಿನವರಲ್ಲವೇ, ಡಾಲರ್ ಸರಿಯಾಗಿಯೇ ಹಾಕಿದ್ದರು. ಎಡವಿದ್ದು ಸಾಲಿನ ನಂಬರಿನಲ್ಲಿ. ಆಯ್ಕೆ ಮಾಡಿದ್ದು ಎರಡನೇ ಸಾಲಿನಿಂದ, ಸೂತ್ರದಲ್ಲಿ ಬರೆದದ್ದು ಒಂದನೇ ಸಾಲು. ಎಕ್ಸೆಲ್ ಮರುಮಾತಾಡದೆ ಒಪ್ಪಿಕೊಂಡಿತು. ಪರಿಣಾಮ ಏನೆಂದರೆ ಪ್ರತಿ ಮನೆಯ ತೀರ್ಪು ಅದರ ಮೇಲಿನ ಸಾಲಿನ ಮನೆಯ ನಡತೆ ನೋಡಿ ಆಗತೊಡಗಿತು. 101ರವರು ಕಟ್ಟಿಲ್ಲ, 102ರವರು ಕೆಂಪು. 101ರವರು ಹಾಯಾಗಿ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದರು.

102ರ ಮೇಡಂ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿಕೊಂಡೇ ಬಂದರು.

‘ಏನ್ ಸಾರ್ ಇದು? ಒಂದನೇ ತಾರೀಕೇ ದುಡ್ಡು ಹಾಕಿದ್ದೀನಿ. ನೀವು ನೋಡಿದ್ರೆ ನಮ್ಮನೆಗೆ ಕೆಂಪು ಬಳಿದು ಗ್ರೂಪಿಗೆ ಹಾಕಿದ್ದೀರಿ. ನಮ್ಮ ಬೀಗರೂ ಆ ಗ್ರೂಪಲ್ಲಿದ್ದಾರೆ, ಗೊತ್ತಾ ನಿಮಗೆ?’

‘ಮೇಡಂ, ನಾನು ಬಳಿದದ್ದಲ್ಲ. ಅದೇ ಬಳ್ಕೊಂಡಿದ್ದು.’

‘ಅದೇ ಬಳ್ಕೊಳ್ಳೋಕೆ ಅದೇನು ಲಿಪ್‌ಸ್ಟಿಕ್ಕಾ ಸಾರ್?’

‘ಸಿಸ್ಟಂ ಹಾಗೆ ತೋರಿಸ್ತಿದೆ ಮೇಡಂ.’

‘ಸಿಸ್ಟಂ ತೋರಿಸ್ಲಿ. ನೀವು ಓದಿದ್ರಾ?’

ಖಜಾಂಚಿಗಳು ಓದಿರಲಿಲ್ಲ. ಓದುವ ಕೆಲಸ ತಪ್ಪಲಿ ಎಂದೇ ತಾನೇ ಬಣ್ಣ ಹಚ್ಚಿದ್ದು?

ಎರಡನೇ ತಿಂಗಳು ಸೂತ್ರ ಸರಿಹೋಯಿತು. ಡಾಲರ್ ತನ್ನ ಜಾಗದಲ್ಲಿ, ಸಾಲು ತನ್ನ ಜಾಗದಲ್ಲಿ. ಚಿತ್ರ ಗ್ರೂಪಿಗೆ ಬಿತ್ತು. ಈ ಸಲ ಕೆಂಪಾಗಿದ್ದು ನಾಲ್ಕನೇ ಮಹಡಿಯ ಮೇಷ್ಟ್ರ ಮನೆ. ಅವರು ಇಡೀ ವರ್ಷದ ಹಣವನ್ನು ಏಪ್ರಿಲ್ಲಿನಲ್ಲೇ ಒಟ್ಟಿಗೆ ಕಟ್ಟಿ ನೆಮ್ಮದಿಯಾಗಿದ್ದವರು. ಕಟ್ಟಿಯಾಗಿದೆಯಲ್ಲ, ಇನ್ನು ಕಡೇ ದಿನಾಂಕ ಯಾತಕ್ಕೆ ಎಂದು ಖಜಾಂಚಿಗಳು ಆ ಸೆಲ್ ಖಾಲಿ ಬಿಟ್ಟಿದ್ದರು. ಖಾಲಿ ಸೆಲ್ಲನ್ನು ಹೋಲಿಕೆಗೆ ಕೊಟ್ಟರೆ ಎಕ್ಸೆಲ್ ಅದನ್ನು ಸೊನ್ನೆ ಎಂದು ಓದುತ್ತದೆ. ಎಕ್ಸೆಲ್ಲಿಗೆ ದಿನಾಂಕ ಎಂದರೂ ಒಂದು ಅಂಕಿಯೇ. 1900ರ ಜನವರಿ ಒಂದು ಎಂದರೆ ಅಂಕಿ 1, ಅಲ್ಲಿಂದ ದಿನಕ್ಕೊಂದರಂತೆ ಎಣಿಕೆ. ಸೊನ್ನೆ ಎಂದರೆ 1900ರ ಜನವರಿ ಸೊನ್ನೆ ತಾರೀಕು! ನಮ್ಮ ಯಾವ ಪಂಚಾಂಗದಲ್ಲೂ ಇಲ್ಲದ ತಿಥಿ. ಆ ಲೆಕ್ಕದಲ್ಲಿ ಮೇಷ್ಟ್ರು ಒಂದೂಕಾಲು ಶತಮಾನದಿಂದ ಮೇಂಟೆನೆನ್ಸ್ ಬಾಕಿ ಉಳಿಸಿಕೊಂಡವರು. ಅವರ ಅಜ್ಜ ಹುಟ್ಟುವ ಮೊದಲೇ ಲಿಫ್ಟ್ ಬಳಸಿ ದುಡ್ಡು ಕೊಡದೆ ಹೋದ ಹಾಗಾಯಿತು.

ಎಕ್ಸೆಲ್ಲಿನ ಪಂಚಾಂಗದ ಬಗ್ಗೆ ಇನ್ನೊಂದು ಮಾತು ಹೇಳಿಯೇಬಿಡುತ್ತೇನೆ. 1900 ಅಧಿಕ ವರ್ಷವಲ್ಲ. ಆದರೂ ಎಕ್ಸೆಲ್ ಆ ವರ್ಷಕ್ಕೆ ಫೆಬ್ರವರಿ 29 ಇತ್ತು ಎಂದೇ ಇವತ್ತಿಗೂ ಸಾಧಿಸುತ್ತದೆ. ಅದಕ್ಕಿಂತ ಮೊದಲು ಜನಪ್ರಿಯವಾಗಿದ್ದ ಲೋಟಸ್ 1-2-3 ಹಾಗೆ ನಂಬಿತ್ತು. ಹಳೆಯ ಫೈಲುಗಳ ಲೆಕ್ಕ ತಪ್ಪಬಾರದೆಂದು ಹೊಸಬರೂ ಆ ತಪ್ಪನ್ನೇ ಸಂಪ್ರದಾಯ ಮಾಡಿಕೊಂಡರು. ಹಿರಿಯರು ಮಾಡಿದ್ದು, ಪ್ರಶ್ನೆ ಮಾಡಬಾರದು ಎನ್ನುವ ಪದ್ಧತಿ ನಮ್ಮಲ್ಲಷ್ಟೇ ಇದೆ ಎಂದುಕೊಂಡಿದ್ದಿರಾ?

ಖಾಲಿ ಸೆಲ್ ಆದರೂ ಪಾಪದ್ದು. ಅಕ್ಷರ ತುಂಬಿದ ಸೆಲ್ಲಿನ ಧಿಮಾಕು ನೋಡಬೇಕು. ಎಕ್ಸೆಲ್ಲಿನ ಹೋಲಿಕೆಯಲ್ಲಿ ಯಾವ ಅಕ್ಷರವಾದರೂ ಎಷ್ಟು ದೊಡ್ಡ ಅಂಕಿಗಿಂತಲೂ ದೊಡ್ಡದು. ಕೋಟಿ ರೂಪಾಯಿ ಒಂದು ಕಡೆ, ಬರೀ ‘ಅ’ ಇನ್ನೊಂದು ಕಡೆ ಇಟ್ಟರೆ ‘ಅ’ ಗೆಲ್ಲುತ್ತದೆ. ಸಾಹಿತಿಗಳು ಕೇಳಿದರೆ ಖುಷಿಪಡಬಹುದಾದ ಏಕೈಕ ಮಾರುಕಟ್ಟೆ ಇದು. ಖಜಾಂಚಿಗಳು ಮೊತ್ತದ ಕಾಲಮ್ಮಿಗೆ 4,500 ಅಥವಾ ಅದಕ್ಕಿಂತ ಹೆಚ್ಚು ಬಂದಿದ್ದರೆ ಹಸಿರು ಎಂದು ಷರತ್ತು ಹಾಕಿದ್ದರು. ಒಂದು ಮನೆಯವರು ಕೊಟ್ಟ ಚೆಕ್ ವಾಪಸ್ ಬಂದಿತ್ತು. ಮೊತ್ತದ ಜಾಗದಲ್ಲಿ ಖಜಾಂಚಿಗಳು ಸ್ವಲ್ಪ ಕೋಪದಿಂದಲೇ ‘ನಾಳೆ ಕೊಡ್ತಾರಂತೆ’ ಎಂದು ಟೈಪ್ ಮಾಡಿದರು. ಸೆಲ್ ಹಚ್ಚಹಸಿರಾಯಿತು. 4,500ರ ಜಾಗದಲ್ಲಿ 4,499 ಕಟ್ಟಿದವರಿಗೆ ಹಸಿರಿಲ್ಲ, ನಾಳೆ ಎಂದವರಿಗೆ ಇದೆ. ಸಾಲಗಾರರ ಬಾಯಲ್ಲಿ ನಾಳೆ ಎನ್ನುವ ಮಾತಿಗೆ ನಮ್ಮ ಬೀದಿಗಳಲ್ಲಿ ಇಲ್ಲದ ಬೆಲೆ ಎಕ್ಸೆಲ್ಲಿನಲ್ಲಿದೆ.

‘ಹೆಚ್ಚು’ ಮತ್ತು ‘ಹೆಚ್ಚು ಅಥವಾ ಸಮ’ ಇವೆರಡರ ವ್ಯತ್ಯಾಸವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಸದಸ್ಯರೊಬ್ಬರ ತಿಂಗಳ ಮೇಂಟೆನೆನ್ಸ್ 7,500 ರೂಪಾಯಿ ದಾಟಿ, ಸಂಘದ ವರ್ಷದ ವಹಿವಾಟೂ 20 ಲಕ್ಷ ದಾಟಿದರೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಸರಿಯಾಗಿ 7,500 ಕಟ್ಟುವವರು ಬಚಾವ್. ಷರತ್ತಿನಲ್ಲಿ ‘ಸಮ’ ಎನ್ನುವ ಒಂದು ಗೀಟು ಜಾಸ್ತಿ ಬಿದ್ದರೆ ಅವರೂ ಕೆಂಪಾಗಿ, ಅಪಾರ್ಟ್‌ಮೆಂಟಿನ ಅತ್ಯಂತ ದೊಡ್ಡ ಮನೆಗಳಿಂದ ಅತ್ಯಂತ ದೊಡ್ಡ ದನಿಗಳು ಕೇಳಿಬರುತ್ತವೆ.

ಇನ್ನು ನೀರಿನ ಲೆಕ್ಕಕ್ಕೆ ಬರೋಣ. 2024ರ ಬೇಸಿಗೆ ಬೆಂಗಳೂರಿನವರಿಗೆ ಮರೆತಿರಲಿಕ್ಕಿಲ್ಲ. ಬೋರ್‌ವೆಲ್ ಬತ್ತಿ, ಟ್ಯಾಂಕರ್ ಹಿಂದೆ ಓಡಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಎಂದ ಕಾಲ. ಯಾರು ಎಷ್ಟು ನೀರು ಬಳಸುತ್ತಾರೆ ಎಂದು ಮನೆಮನೆಯ ಮೀಟರ್ ಓದಿ ಶೀಟಿಗೆ ಹಾಕಿದರು. ಈ ಸಲ ಖಜಾಂಚಿಗಳು ಸೂತ್ರದ ಸಹವಾಸವೇ ಬೇಡವೆಂದು ಕಲರ್ ಸ್ಕೇಲ್ ಹಾಕಿದರು. ಅಂದರೆ ಅಂಕಿ ಏರಿದಂತೆ ಬಣ್ಣ ಮೆಲ್ಲಗೆ ಬದಲಾಗುವ ಏರ್ಪಾಡು. ಪಟ್ಟಿಯಲ್ಲಿ ಮೊದಲು ಕಾಣುವುದು ಹಸಿರು-ಹಳದಿ-ಕೆಂಪು. ಮೊದಲು ಕಂಡದ್ದನ್ನೇ ಒತ್ತಿದರು. ಅದರಲ್ಲಿ ಹೆಚ್ಚಿನ ಅಂಕಿಗೆ ಹಸಿರು, ಕಡಿಮೆ ಅಂಕಿಗೆ ಕೆಂಪು. ಮಾರಾಟದ ಲೆಕ್ಕಕ್ಕೆ ಸರಿ, ನೀರಿನ ಲೆಕ್ಕಕ್ಕೆ ತಲೆಕೆಳಗು. ದಿನಕ್ಕೆ ಎರಡು ಸಲ ಟಬ್ಬು ತುಂಬಿಸುವ ಮನೆಗೆ ಕಂಗೊಳಿಸುವ ಹಸಿರು. ತರಕಾರಿ ತೊಳೆದ ನೀರನ್ನು ಗಿಡಕ್ಕೆ ಹಾಕುವ ಅಜ್ಜಿಗೆ ಕೆಂಪು. ಅಜ್ಜಿ ಕನ್ನಡಕ ಏರಿಸಿ ನೋಡಿ, ‘ಇನ್ನು ಸ್ನಾನವೂ ಬಿಡ್ಬೇಕೇನಪ್ಪಾ?’ ಎಂದರಂತೆ.

ಬಣ್ಣದ ದಿಕ್ಕು ಸರಿಮಾಡಿದ ಮೇಲೂ ಇದರಲ್ಲೊಂದು ತೊಡಕು ಉಳಿಯುತ್ತದೆ. ಕಲರ್ ಸ್ಕೇಲ್ ಒಳ್ಳೆಯದು-ಕೆಟ್ಟದ್ದು ನೋಡುವುದಿಲ್ಲ. ಇದ್ದವರಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದಷ್ಟೇ ನೋಡುತ್ತದೆ. ಎಲ್ಲರೂ ನೀರು ಉಳಿಸಿದರೂ ಯಾರೋ ಒಬ್ಬರು ಕೆಂಪಾಗಲೇಬೇಕು. ಬಾಣದ ಗುರುತಿನ ಐಕಾನ್ ಸೆಟ್ಟಿನದೂ ಇದೇ ಹಣೆಬರಹ. ಮೂರು ಬಾಣದ ಸೆಟ್ ಸುಮ್ಮನೆ ಹಾಕಿದರೆ ಅದು ಅತಿ ಕಡಿಮೆಯಿಂದ ಅತಿ ಹೆಚ್ಚಿನವರೆಗಿನ ಅಂತರವನ್ನು ಅಳೆದು, ಅದರ ಶೇ. 67 ಮುಟ್ಟಿದರೆ ಹಸಿರು ಬಾಣ, 33 ಮುಟ್ಟಿದರೆ ಹಳದಿ, ಅದರ ಕೆಳಗಿದ್ದರೆ ಕೆಂಪು ಎನ್ನುತ್ತದೆ. ಒಂದು ತರಗತಿಯಲ್ಲಿ ಎಲ್ಲರಿಗೂ 92ರಿಂದ 98ರವರೆಗೆ ಅಂಕ ಬಂದಿದೆ ಅನ್ನಿ. 93 ಬಂದ ಹುಡುಗಿಗೆ ಕೆಂಪು ಬಾಣ, ಅದೂ ಕೆಳಮುಖ. ಪಕ್ಕದ ತರಗತಿಯಲ್ಲಿ ಎಲ್ಲರಿಗೂ 12ರಿಂದ 30. ಅಲ್ಲಿ 29 ಬಂದು ಡುಮ್ಕಿ ಹೊಡೆದವನಿಗೆ ಹಸಿರು ಬಾಣ, ಮೇಲ್ಮುಖ. ಇವಳ ಅಮ್ಮ ಮನೆಯಲ್ಲಿ ಟಿವಿ ಕೇಬಲ್ ಕೀಳಿಸುತ್ತಾರೆ, ಅವನ ಅಪ್ಪ ಮೈಸೂರು ಪಾಕ್ ತರುತ್ತಾರೆ. ಬಾಣ ಬಿಟ್ಟವರು ಯಾರು ಎಂದು ಎರಡೂ ಮನೆಯಲ್ಲಿ ಯಾರೂ ಕೇಳುವುದಿಲ್ಲ. ನಿಯಮ ತೆರೆದು ‘ಶೇಕಡಾ’ ಎಂದಿರುವ ಕಡೆ ‘ಸಂಖ್ಯೆ’ ಎಂದು ಮಾಡಿ, ಪಾಸಿನ ಅಂಕ ಬರೆದರೆ ಮುಗಿಯುವ ಕೆಲಸ ಇದು.

ಎರಡೆರಡು ಸಲ ಬಂದದ್ದನ್ನು ಹಿಡಿಯುವ ಷರತ್ತಿನದು ಪೊಲೀಸ್ ಬುದ್ಧಿ. ಒಂದೇ ಹೆಸರು ಎರಡು ಕಡೆ ಕಂಡರೆ ಮೊದಲನೆಯದಕ್ಕೂ ಬಣ್ಣ, ಎರಡನೆಯದಕ್ಕೂ ಬಣ್ಣ. ಅಸಲಿ ಯಾರು, ನಕಲಿ ಯಾರು ಎನ್ನುವುದು ಆಮೇಲಿನ ಮಾತು, ಮೊದಲು ಇಬ್ಬರೂ ಸ್ಟೇಷನ್ನಿಗೆ ಬರಲಿ ಎನ್ನುವ ಧೋರಣೆ. ನಮ್ಮ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಇಬ್ಬರು ಮಂಜುನಾಥರು ಇಲ್ಲದಿದ್ದರೆ ಅದು ಅಪಾರ್ಟ್‌ಮೆಂಟೇ ಅಲ್ಲ. ಇಬ್ಬರೂ ಬೇರೆ ಬೇರೆ, ಇಬ್ಬರೂ ಸಭ್ಯರು, ಇಬ್ಬರಿಗೂ ಬಣ್ಣ. ಅದೇ ನಿಜವಾಗಿ ಎರಡು ಸಲ ನಮೂದಾದ ಹೆಸರಿನ ಕೊನೆಯಲ್ಲಿ ಯಾರೋ ಒಂದು ಸ್ಪೇಸ್ ಒತ್ತಿಬಿಟ್ಟಿದ್ದರೆ ಎಕ್ಸೆಲ್ಲಿಗೆ ಅದು ಬೇರೆಯೇ ವ್ಯಕ್ತಿ. ಕಣ್ಣಿಗೆ ಕಾಣದ ಆ ಖಾಲಿ ಜಾಗದ ಹಿಂದೆ ಕಳ್ಳ ನಿಶ್ಚಿಂತೆಯಾಗಿ ಅಡಗಿರುತ್ತಾನೆ. ಸರ್ಕಾರಿ ಕಚೇರಿಯ ಹಳೆಯ ಫೈಲುಗಳದ್ದು ಇನ್ನೂ ಒಂದು ಸೊಗಸು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದದ್ದು ತೆರೆಯ ಮೇಲೆ ಅಚ್ಚಗನ್ನಡ, ಒಳಗೆ ಇಂಗ್ಲಿಷಿನ ಎಬಿಸಿಡಿ. ‘ಬಾಕಿ’ ಎಂಬ ಪದ ಇದ್ದರೆ ಹಳದಿ ಹಚ್ಚು ಎಂದು ಯುನಿಕೋಡಿನಲ್ಲಿ ಷರತ್ತು ಬರೆದರೆ ಶೀಟಿನ ತುಂಬ ಬಾಕಿ ಕಾಣುತ್ತಿದ್ದರೂ ಒಂದು ಸೆಲ್ಲೂ ಹಳದಿಯಾಗುವುದಿಲ್ಲ. ಇಲಾಖೆಯಲ್ಲಿ ಬಾಕಿಯೇ ಇಲ್ಲ ಎಂದು ವರದಿ ಕಳಿಸಲು ಇದಕ್ಕಿಂತ ಪ್ರಾಮಾಣಿಕ ದಾರಿ ಇನ್ನೊಂದಿಲ್ಲ.

ಇಷ್ಟೆಲ್ಲ ರಾದ್ಧಾಂತ ಮೊದಲಿಂದಲೂ ಇತ್ತು ಎಂದುಕೊಳ್ಳಬೇಡಿ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ಆ್ಯಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಮಾಡಿಕೊಟ್ಟಾಗ ಬಣ್ಣದ ಗೊಡವೆಯೇ ಇರಲಿಲ್ಲ. ಒಂದು ಅಂಕಿ ತಿದ್ದಿದರೆ ಉಳಿದವೆಲ್ಲ ತಾವಾಗಿ ಬದಲಾಗುತ್ತವಲ್ಲ ಎಂದೇ ಲೆಕ್ಕಿಗರು ಬೆರಗಾಗಿದ್ದರು. 1985ರಲ್ಲಿ ಎಕ್ಸೆಲ್ ಬಂತು, ಅದೂ ಮೊದಲು ಮ್ಯಾಕಿಂಟಾಷಿಗೆ. ಕಂಡೀಷನಲ್ ಫಾರ್ಮ್ಯಾಟಿಂಗ್ ಕಾಲಿಟ್ಟಿದ್ದು ಎಕ್ಸೆಲ್ 97ರಲ್ಲಿ. ಆಗ ಒಂದು ಸೆಲ್ಲಿಗೆ ಮೂರೇ ಷರತ್ತು. ನಾಲ್ಕನೆಯದು ಬೇಕಿದ್ದವರು ಮ್ಯಾಕ್ರೊ ಬರೆಯಬೇಕಿತ್ತು, ಇಲ್ಲವೇ ಆಸೆ ಬಿಡಬೇಕಿತ್ತು. ಎಕ್ಸೆಲ್ 2007 ಬಂದದ್ದೇ ತಡ, ಮೂರರ ಕಟ್ಟು ಹೋಯಿತು. ಡೇಟಾ ಬಾರ್, ಕಲರ್ ಸ್ಕೇಲ್, ಐಕಾನ್ ಸೆಟ್ ಎಲ್ಲ ಒಟ್ಟಿಗೆ ಬಂದವು. ಅದೇ ಆವೃತ್ತಿಯಲ್ಲಿ ಸಾಲುಗಳ ಸಂಖ್ಯೆ 65,536ರಿಂದ 10,48,576ಕ್ಕೆ ಹಾರಿತು. ಹಚ್ಚಲು ಬಣ್ಣವೂ ಬಂತು, ಹಚ್ಚಿಸಿಕೊಳ್ಳಲು ಹತ್ತು ಲಕ್ಷ ಸಾಲೂ ಬಂದವು. ಇನ್ನು ನಮ್ಮ ಜನ ಸುಮ್ಮನಿರುತ್ತಾರೆಯೇ?

ಮೂರೇ ಇದ್ದಾಗ ಯಾವ ಮೂರು ಎಂದು ಜನ ಯೋಚಿಸುತ್ತಿದ್ದರು. ಈಗ ಯಾರ ಶೀಟಿನಲ್ಲಾದರೂ ‘ಮ್ಯಾನೇಜ್ ರೂಲ್ಸ್’ ತೆರೆದು ನೋಡಿ. ಸೆಲ್ ಕಾಪಿ ಮಾಡಿ ಪೇಸ್ಟ್ ಮಾಡಿದಾಗ ಅಂಕಿಯ ಜೊತೆ ಷರತ್ತೂ ಹೊರಟು ಬರುತ್ತದೆ. ಒಂದೇ ನಿಯಮ ತುಂಡು ತುಂಡಾಗಿ ಪುಟಗಟ್ಟಲೆ ಹರಡಿಕೊಂಡಿರುತ್ತದೆ. ಈ ಮೂರು ಸೆಲ್ಲಿಗೊಂದು, ಆ ಸಾಲಿಗೊಂದು, ಯಾವತ್ತೋ ಕೆಲಸ ಬಿಟ್ಟು ಹೋದವರು ಬರೆದದ್ದೊಂದು. ಎರಡು ನಿಯಮ ಒಂದೇ ಸೆಲ್ಲಿಗೆ ಬೇರೆ ಬೇರೆ ಬಣ್ಣ ಕೇಳಿದರೆ ಪಟ್ಟಿಯಲ್ಲಿ ಮೇಲಿರುವುದು ಗೆಲ್ಲುತ್ತದೆ. ಹೊಸದಾಗಿ ಬಂದದ್ದು ಸೀದಾ ಮೇಲೆ ಹೋಗಿ ಕೂರುತ್ತದೆ. ಇದನ್ನು ಓದಿ ನಿಮ್ಮ ಕಚೇರಿಯ ಯಾರದೋ ಮುಖ ನೆನಪಾದರೆ ನಾನು ಜವಾಬ್ದಾರನಲ್ಲ.

ಇನ್ನು ಕೈಯಲ್ಲಿ ಬಣ್ಣ ಹಚ್ಚುವವರ ಕಾಟವೇ ಬೇರೆ. ನಮ್ಮ ಕಾರ್ಯದರ್ಶಿಗಳಿಗೆ ಷರತ್ತಿನಲ್ಲಿ ನಂಬಿಕೆಯಿಲ್ಲ. ಶೀಟು ಅವರ ಕೈಗೆ ಸಿಕ್ಕಿದಾಗ ತಮಗೆ ಆಗದವರ ಸಾಲಿಗೆ ತಾವೇ ಬಣ್ಣದ ಡಬ್ಬಿ ಸುರಿಯುತ್ತಾರೆ. ಷರತ್ತಿನ ಬಣ್ಣ ಇರುವವರೆಗೆ ಕೈಬಣ್ಣ ಅದರಡಿಯಲ್ಲಿ ಮುಚ್ಚಿರುತ್ತದೆ. ಆ ಮನೆಯವರು ಬಾಕಿ ಕಟ್ಟಿ ಷರತ್ತಿನ ಕೆಂಪು ಹೋದ ಗಳಿಗೆಯಲ್ಲೇ ಕೆಳಗಿದ್ದ ಕೈಗೆಂಪು ಎದ್ದು ಬರುತ್ತದೆ. ಪಾಪ, ಆ ಮನೆಯವರು ಎರಡನೇ ಸಲ ದುಡ್ಡು ಹಾಕಲಿಕ್ಕೂ ಹೊರಡುತ್ತಾರೆ.

ಐಟಿ ಕಂಪನಿಗಳವರು ಈ ವಿದ್ಯೆಯನ್ನು ಇನ್ನೂ ಎತ್ತರಕ್ಕೆ ಕೊಂಡೊಯ್ದಿದ್ದಾರೆ. ಅಲ್ಲಿ ಪ್ರತಿ ವಾರ ಪ್ರಾಜೆಕ್ಟಿನ ಆರೋಗ್ಯವನ್ನು ಕೆಂಪು, ಹಳದಿ, ಹಸಿರಿನಲ್ಲಿ ಹೇಳಬೇಕು. ಕೆಂಪು ಹಾಕಿದರೆ ಮೇಲಿನವರಿಂದ ಫೋನ್, ಮೀಟಿಂಗು, ಯಾಕೆ ಕೆಂಪು ಎಂದು ವಿವರಿಸುವ ಮತ್ತೊಂದು ಶೀಟು. ಹಸಿರು ಹಾಕಿದರೆ ಶುಕ್ರವಾರ ಸಂಜೆ ಮನೆಗೆ ಹೋಗಬಹುದು. ಹೀಗಾಗಿ ಹೊರಗೆ ಹಸಿರು, ಕುಯ್ದರೆ ಕೆಂಪು ಇರುವ ವರದಿಗಳಿಗೆ ಅವರ ನಡುವೆ ಕಲ್ಲಂಗಡಿ ಎಂದೇ ಹೆಸರು. ಹಣ್ಣು ಕೊಯ್ಯುವ ದಿನ ಗ್ರಾಹಕರು ಎದುರಿಗೇ ಕೂತಿರುತ್ತಾರೆ ಎನ್ನುವುದೊಂದೇ ಅದರ ಕಷ್ಟ.

ಬಣ್ಣದ ಮೇಲೆ ಇಷ್ಟೊಂದು ಭಾರ ಹಾಕಿದ ಮೇಲೆ ಬಣ್ಣ ಕೈಕೊಟ್ಟರೆ? ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಆದದ್ದೂ ಅದೇ. ಬಾಕಿದಾರರ ಪಟ್ಟಿಯನ್ನು ಎಲ್ಲರಿಗೂ ಹಂಚಲು ಮೂಲೆ ಅಂಗಡಿಯಲ್ಲಿ ಕಪ್ಪು-ಬಿಳುಪು ಜೆರಾಕ್ಸ್ ಮಾಡಿಸಿದರು. ತಿಳಿಗೆಂಪು, ತಿಳಿಹಸಿರು, ತಿಳಿಹಳದಿ ಮೂರೂ ಒಂದೇ ಬೂದಿ ಬಣ್ಣ. ಕಟ್ಟಿದವರೂ ಬೂದಿ, ಕಟ್ಟದವರೂ ಬೂದಿ. ಸಭೆಯಲ್ಲಿ ಅಷ್ಟು ಸಮಾನತೆ ಅದಕ್ಕೆ ಮುಂಚೆ ಯಾವತ್ತೂ ಇರಲಿಲ್ಲ. ಪೇಪರಿನ ಮಾತು ಬಿಡಿ, ತೆರೆಯ ಮೇಲೆಯೇ ಕೆಂಪು-ಹಸಿರಿನ ವ್ಯತ್ಯಾಸ ಕಾಣದವರೂ ಇದ್ದಾರೆ. ಈ ವರ್ಣಾಂಧತೆಗೆ ಕಾರಣವಾಗುವ ಜೀನು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಒಂದೇ ಎಕ್ಸ್ ಇರುವ ಗಂಡಸರಲ್ಲಿ ಅದು ಹೆಚ್ಚು. ಹೆಂಡತಿ ಹೇಳಿದ ಬಣ್ಣದ ಬ್ಲೌಸ್ ಪೀಸು ತರಲಾಗದ್ದಕ್ಕೆ ಇದೇ ಕಾರಣ ಎಂದು ಎಲ್ಲ ಗಂಡಸರೂ ಹೇಳಿಕೊಳ್ಳಬಹುದು, ಆದರೆ ಎಲ್ಲರಿಗೂ ಅದು ಹೊಂದುವುದಿಲ್ಲ. ಇಂಥವರಿಗಾಗಿಯಾದರೂ ಬಣ್ಣದ ಪಕ್ಕ ‘ಬಾಕಿ’ ಎಂಬ ಎರಡಕ್ಷರ ಬರೆಯುವುದು, ಇಲ್ಲವೇ ಅಕ್ಷರ ದಪ್ಪ ಮಾಡುವುದು ಒಳ್ಳೆಯದು. ಕೆಂಪು-ಹಸಿರಿನ ಬದಲು ನೀಲಿ-ಕಿತ್ತಳೆ ಜೋಡಿ ಹಾಕಿದರೂ ಆದೀತು.

ಇಷ್ಟು ಹೊತ್ತು ಗೇಲಿ ಮಾಡಿದ್ದರಿಂದ ಈ ವಿದ್ಯೆಯೇ ದಂಡ ಎಂದು ತಿಳಿಯಬೇಡಿ. ಸಾವಿರ ಸಾಲಿನ ನಡುವೆ ನಾಲ್ಕು ಸಾಲು ಎತ್ತಿ ತೋರಿಸುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. ಇನ್ಶೂರೆನ್ಸ್ ಕಂತಿನ ದಿನ, ಔಷಧಿಯ ಎಕ್ಸ್‌ಪೈರಿ, ಗ್ಯಾಸ್ ಬುಕ್ಕಿಂಗು, ಯಾವುದನ್ನು ಬೇಕಾದರೂ ‘ಇವತ್ತು’ ಎನ್ನುವುದರ ಜೊತೆ ಕಟ್ಟಿಟ್ಟರೆ ದಿನಾ ಬೆಳಗ್ಗೆ ಶೀಟು ತಾನೇ ಲೆಕ್ಕ ಹಾಕಿ ಎಚ್ಚರಿಸುತ್ತದೆ. ನೀವು ರಾತ್ರಿ ಮಲಗಿದಾಗ ಹಳದಿ ಇದ್ದದ್ದು ಬೆಳಗ್ಗೆ ಕೆಂಪಾಗಿರುತ್ತದೆ, ಯಾರೂ ಮುಟ್ಟಿರುವುದಿಲ್ಲ. ಅದು ಬೆರಳು ತೋರಿಸುತ್ತದೆ, ಬೆರಳು ತೋರಿಸಿದ ಕಡೆ ನೋಡುವ ಕೆಲಸ ನಮ್ಮದು. 29 ಅಂಕಕ್ಕೆ ಎಷ್ಟು ಹಸಿರು ಹಚ್ಚಿದರೂ ಅದು 29 ಆಗಿಯೇ ಉಳಿಯುತ್ತದೆ. ಶೀಟಿನ ಅಂಕಿಗೆ ಬಣ್ಣ ತಟ್ಟುವುದೇ ಇಲ್ಲ.

ತಟ್ಟುವುದು ನೋಡುವವರಿಗೆ. ಅದಕ್ಕೇ ನಮ್ಮ ಸಂಘದಲ್ಲಿ ಇತ್ತೀಚೆಗೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ತಿಂಗಳು ತಿಂಗಳೂ ಅದೇ ಐದಾರು ಮನೆಗಳು ಹತ್ತನೇ ತಾರೀಕಿಗೆ ಕೆಂಪಾಗುತ್ತಿದ್ದವು, ಇಪ್ಪತ್ತರ ಹೊತ್ತಿಗೆ ಬಿಳಿಯಾಗುತ್ತಿದ್ದವು. ಗ್ರೂಪಿನಲ್ಲಿ ಅವರಿಗೆ ‘ಕೆಂಪು ಸಾಲಿನ ಮನೆಯವರು’ ಎಂದೇ ಹೆಸರು ಬಿದ್ದಿತ್ತು. ಲಿಫ್ಟಿನಲ್ಲಿ ಜೊತೆಯಾದರೆ ಉಳಿದವರು ಮೊಬೈಲ್ ನೋಡಿಕೊಳ್ಳುತ್ತಿದ್ದರು. ಕೊನೆಗೆ 102ರ ಮೇಡಂ ಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು: ‘ಸಾರ್, ಈ ಹತ್ತನೇ ತಾರೀಕು ಅಂತ ಯಾರು ಮಾಡಿದ್ದು?’

ಯಾರಿಗೂ ಗೊತ್ತಿರಲಿಲ್ಲ. ಹಳೇ ಕಮಿಟಿಯವರು ಮಾಡಿದ್ದಿರಬೇಕು ಎಂದರು. ಹಳೇ ಕಮಿಟಿಯವರು ಬಿಲ್ಡರ್ ಮಾಡಿದ್ದು ಎಂದರು. ಕೆಂಪು ಮನೆಗಳಲ್ಲಿ ಕೆಲವರಿಗೆ ಊರಿನ ಮನೆಯ ಬಾಡಿಗೆ ಬರುವುದೇ ಹನ್ನೆರಡಕ್ಕೆ, ಒಬ್ಬರ ಅಂಗಡಿಗೆ ಬಿಲ್ಲಿನ ಹಣ ಬರುವುದು ಹದಿನಾಲ್ಕಕ್ಕೆ. ಸ್ವಲ್ಪ ಗದ್ದಲದ ನಂತರ ಕಡೇ ದಿನ ಹದಿನೈದು ಎಂದು ತೀರ್ಮಾನವಾಯಿತು. ಖಜಾಂಚಿಗಳು ಅಲ್ಲೇ ಲ್ಯಾಪ್‌ಟಾಪ್ ತೆರೆದು ಕಡೇ ದಿನಾಂಕದ ಕಾಲಂ ತಿದ್ದಿದರು. ಎಲ್ಲರ ಕಣ್ಣೆದುರೇ ಕೆಂಪಿನಲ್ಲಿ ಮುಕ್ಕಾಲು ಪಾಲು ಮಾಯ. ಸಂಘದ ಖಾತೆಗೆ ಆ ಗಳಿಗೆಯಲ್ಲಿ ಒಂದು ರೂಪಾಯಿಯೂ ಬಂದಿರಲಿಲ್ಲ. ಯಾರ ಗುಣವೂ ಬದಲಾಗಿರಲಿಲ್ಲ. ಬದಲಾದದ್ದು ಒಂದು ತಾರೀಕು.

ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಬಣ್ಣ ಹಾಕುವುದಾದರೆ ಶೀಟಿನ ತಲೆಯ ಮೇಲೆ ಷರತ್ತನ್ನೂ ಕನ್ನಡದಲ್ಲಿ ಬರೆಯಬೇಕೆಂದು ಹಟ ಹಿಡಿದರು. ಈಗ ಮೊದಲ ಸಾಲಿನಲ್ಲಿ ‘ಕಡೇ ದಿನಾಂಕ ದಾಟಿದ್ದು, ಆ ಸೆಲ್ ಖಾಲಿ ಇಲ್ಲದಿದ್ದರೆ ಮಾತ್ರ ಕೆಂಪು’ ಎಂದು ಬರೆದಿರುತ್ತದೆ. ಅದರ ಪಕ್ಕ ‘ಹಸಿರು ಯಾವುದಕ್ಕೂ ಇಲ್ಲ, ಕಟ್ಟುವುದು ಕರ್ತವ್ಯ’ ಎಂದು ಖಜಾಂಚಿಗಳ ಸ್ವಂತ ಸೇರ್ಪಡೆ. ಒಂದೇ ಷರತ್ತು, ಒಂದೇ ಬಣ್ಣ. ಇದರಿಂದ ಗ್ರೂಪಿನಲ್ಲಿ ಜಗಳ ನಿಂತಿತು ಎಂದರೆ ನೀವು ನಂಬಬೇಡಿ. ಜಗಳ ಮೊದಲಿಗಿಂತ ಜೋರಾಗಿದೆ. ಮೊದಲು ಯಾರು ಕೆಂಪು ಎಂದು ಜಗಳ, ಈಗ ಹದಿನೈದೋ ಇಪ್ಪತ್ತೋ ಎಂದು ಜಗಳ. ಇದಾದರೂ ಕಮಿಟಿಯಲ್ಲಿ ಕೈಯೆತ್ತಿ ತೀರ್ಮಾನಿಸಬಹುದಾದ ಜಗಳ. ಇಪ್ಪತ್ತಕ್ಕೆ ನನ್ನದೂ ಒಂದು ಕೈ ಇದೆ.